ಕುಡಿದೋರ ಬಟ್ಟೆ ಯಾರು ಒಗೀತಾರೆ?

ಬಿಯರನ್ನು ಮ್ಯೂನಿಕ್‌ನಲ್ಲಿ ಕುಡಿದರೆ ಸಂಸ್ಕೃತಿ, ಮದ್ದೂರಿನಲ್ಲಿ ಕುಡಿದರೆ ಚಟ. ಈ ನಿಯಮ ಯಾರು ಮಾಡಿದ್ದೋ ಗೊತ್ತಿಲ್ಲ, ಆದರೆ ನಮ್ಮೆಲ್ಲರ ವಾಟ್ಸಾಪ್ ಗ್ರೂಪುಗಳಲ್ಲಿ ಜಾರಿಯಲ್ಲಿದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಆಫೀಸ್ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದೆ. ಶನಿವಾರ ಬಿಡುವಿತ್ತು, ಆಕ್ಟೋಬರ್‌ಫೆಸ್ಟ್ ನೋಡೋಕೆ ಹೋದೆ. ಒಂದು ಲೀಟರಿನ ಗಾಜಿನ ಮಗ್ ಹಿಡಿದ ಫೋಟೋ ಹಾಕಿದ್ದೇ ತಡ, 'ಲೈಫ್ ಅಂದ್ರೆ ಇದು ಗುರೂ' ಅಂತ ಸಾಲು ಸಾಲು ಮೆಸೇಜು. ಮದ್ದೂರಿನ ಯಾವುದೋ ಬಾರಿನ ಮುಂದೆ ಬಾಟಲಿ ಹಿಡಿದು ಅದೇ ನಗು ನಕ್ಕಿದ್ದರೆ? ಮನೆಗೆ ಫೋನ್ ಹೋಗಿರುತ್ತಿತ್ತು.

ಮೂಲದಲ್ಲಿ ಅದು ನಮ್ಮ ಜಾತ್ರೆಯ ಥರದ್ದೇ. 1810ರ ಅಕ್ಟೋಬರಿನಲ್ಲಿ ಬವೇರಿಯಾದ ಯುವರಾಜ ಲುಡ್ವಿಗ್‌ಗೂ ತೆರೇಸಾಗೂ ಮದುವೆಯಾಯಿತು. ಊರಾಚೆಯ ಬಯಲಿನಲ್ಲಿ ಕುದುರೆ ಓಟ ನಡೆಸಿದರು. ಆ ಬಯಲಿಗೆ ಇವತ್ತಿಗೂ ಮದುಮಗಳದೇ ಹೆಸರು. ಮರುವರ್ಷ ಕೃಷಿ ಮೇಳ, ದನಗಳ ಪ್ರದರ್ಶನ ಸೇರಿಕೊಂಡವು. ಹೇಮಗಿರಿ ದನಗಳ ಜಾತ್ರೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇವತ್ತು ಅಲ್ಲಿ ಸಾವಿರಾರು ಜನ ಕೂರುವ ಡೇರೆಗಳು, ಮ್ಯೂನಿಕ್ ಊರಿನದೇ ಆರು ಕಂಪನಿಗಳ ಬಿಯರು, ಬ್ಯಾಂಡು, ಕೋಳಿ ರೋಸ್ಟು. 2024ರಲ್ಲಿ ಮಗ್ಗಿಗೆ ಹದಿನಾಲ್ಕು ಹದಿನೈದು ಯೂರೋ ಇತ್ತು, ಅಂದರೆ ಆಗಿನ ಲೆಕ್ಕದಲ್ಲಿ ಸಾವಿರದ ಮುನ್ನೂರು ರೂಪಾಯಿ ಹತ್ತಿರ. ನನ್ನ ಬೆಂಚಿನಲ್ಲಿ ಒಬ್ಬ ಅಜ್ಜ, ಅವರ ಮಗಳು, ಮೊಮ್ಮಗ. ಯಾರೂ ಯಾರಿಗೂ ಮುಖ ಮುಚ್ಚಿಕೊಂಡು ಕುಡೀತಿರಲಿಲ್ಲ.

ನಾನು ಶಿವಪುರಕ್ಕೆ ವಾಪಸ್ ಬಂದದ್ದು ಮಹಾಲಯ ಅಮಾವಾಸ್ಯೆಗೆ. ದೊಡ್ಡವ್ವ ಫೋಟೋ ನೋಡಿ, "ದುಡ್ಡು ಕೊಟ್ಟು ಅಷ್ಟು ದೂರ ಕುಡಿಯಕ್ಕೆ ಹೋಗಿದ್ಯಾ ಮಗ?" ಅಂದಳು.

"ಹಬ್ಬ ದೊಡ್ಡವ್ವ ಅದು. ಹೆಂಗಸರು, ಮಕ್ಕಳು ಎಲ್ಲಾ ಬರ್ತಾರೆ."

"ಆಯ್ತು ಬುಡು. ಕುಡಿದೋರ ಬಟ್ಟೆ ಯಾರು ಒಗೀತಾರೆ ಅಲ್ಲಿ?"

ಈ ಪ್ರಶ್ನೆ ಕೇಳುವ ಮೊದಲು ನನ್ನ ಹತ್ತಿರ ಒಂದು ಸಿದ್ಧ ಉತ್ತರ ಇತ್ತು. ನಮ್ಮದು ಬರೀ ಬೂಟಾಟಿಕೆ, ಅಷ್ಟೇ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಕೂಲಿಯವನ ಪಾಕೀಟು ಹೋಯಿತು, ಸಾಹೇಬರ ವಿಸ್ಕಿ ಉಳಿಯಿತು. ಕುಡಿಯುವವನ ಅಂಗಿ ನೋಡಿ ನಾವು ಪಾಪ ಪುಣ್ಯ ಲೆಕ್ಕ ಹಾಕ್ತೀವಿ. ವಾರಾಂತ್ಯದಲ್ಲಿ ಇಂದಿರಾನಗರದ ಪಬ್ಬಿನಲ್ಲಿ ಕೂತವನು ಸೋಮವಾರ ತನ್ನ ಡ್ರೈವರ್ ಬಾಯಿ ವಾಸನೆಗೆ ಮೂಗು ಮುಚ್ಚಿಕೊಳ್ತಾನೆ. ಈ ಮಾತೆಲ್ಲ ನಿಜವೇ. ಆದರೆ ದೊಡ್ಡವ್ವ ಕೇಳಿದ್ದು ಇದನ್ನಲ್ಲ.

ಅವಳ ಪ್ರಶ್ನೆ ಇಟ್ಟುಕೊಂಡು ಮ್ಯೂನಿಕ್ ನೆನೆಸಿಕೊಂಡರೆ ಬೇರೆ ಚಿತ್ರ ಕಾಣುತ್ತೆ. ಡೇರೆಗಳ ಹಿಂದೆ ಒಂದು ಹುಲ್ಲಿನ ದಿಬ್ಬ ಇದೆ. ಮಧ್ಯಾಹ್ನಕ್ಕೇ ಅಲ್ಲಿ ಗಂಡಸರು ಹೆಂಗಸರು ಉರುಳಿಬಿದ್ದಿರುತ್ತಾರೆ. ವಾಂತಿಯ ಗುಡ್ಡ ಅಂತಲೇ ಅದಕ್ಕೆ ಅಡ್ಡಹೆಸರು. ಅಂದರೆ ಅವರೇನೂ ನಮಗಿಂತ ಚೆನ್ನಾಗಿ ಕುಡಿಯೋದು ಕಲಿತವರಲ್ಲ. ಆದರೆ ಬಿದ್ದವರನ್ನು ಎತ್ತಲು ಸ್ಟ್ರೆಚರ್ ಬರುತ್ತೆ, ಚಿಕಿತ್ಸೆಗೆ ಕೇಂದ್ರ ಇದೆ. ತೊಂದರೆಗೆ ಸಿಕ್ಕ ಹೆಂಗಸರು, ಹುಡುಗಿಯರಿಗಾಗಿಯೇ ಒಂದು ಸಹಾಯ ತಾಣ ಇದೆ. ಅಂಥ ಜಾಗ ಬೇಕಾಗಿದೆ ಅನ್ನೋದೇ ಆ ಹಬ್ಬದ ಇನ್ನೊಂದು ಮುಖ ಹೇಳುತ್ತೆ. ಹೆಚ್ಚಿನ ಡೇರೆಗಳಲ್ಲಿ ರಾತ್ರಿ ಹತ್ತೂವರೆಗೆ ಬಿಯರ್ ಬಂದ್. ಮನೆಗೆ ಹೋಗೋಕೆ ಮೆಟ್ರೋ. ಕುಡಿತದಿಂದ ಹಾನಿ ಆಗೇ ಆಗುತ್ತೆ ಅಂತ ಊರು ಒಪ್ಪಿಕೊಂಡು, ಅದರ ಖರ್ಚಿನಲ್ಲಿ ಒಂದು ಪಾಲನ್ನಾದರೂ ತಾನು ಹೊತ್ತಿದೆ.

ನಮ್ಮಲ್ಲಿ ಆ ಖರ್ಚು ಪೂರ್ತಿ ಒಬ್ಬಳ ತಲೆ ಮೇಲೆ. ಕುಡಿದವನನ್ನು ಗದ್ದೆ ಬದುವಿನಿಂದ ಎತ್ತಿಕೊಂಡು ಬರುವವಳು, ಬಟ್ಟೆ ಒಗೆಯುವವಳು, ಸಂಘದ ಸಾಲದ ಕಂತು ಕಟ್ಟುವವಳು, ಕೊನೆಗೆ ಆಸ್ಪತ್ರೆ ಬಾಗಿಲಲ್ಲಿ ಕೂರುವವಳು ಅವಳೇ. ದೊಡ್ಡಪ್ಪ ಲಿವರ್ ಕೆಟ್ಟು ಹೋದಾಗ ದೊಡ್ಡವ್ವನಿಗೆ ನಲವತ್ತೂ ಆಗಿರಲಿಲ್ಲ. 'ಕುಡುಕ' ಅಂತ ಅವಳು ಬೀದಿಯಲ್ಲಿ ನಿಂತು ಕೂಗುತ್ತಿದ್ದದ್ದು ನನಗೆ ನೆನಪಿದೆ. ಅದನ್ನು ಸಂಸ್ಕೃತಿ ಗೊತ್ತಿಲ್ಲದವಳ ಮಡಿವಂತಿಕೆ ಅನ್ನೋಕೆ ನನಗೆ ಬಾಯಿ ಬರಲ್ಲ. ಅವಳ ಕೈಯಲ್ಲಿದ್ದ ಅಸ್ತ್ರ ಅದೊಂದೇ.

ಹಾಗಂತ ಅವಳಿಗೆ ಕುಡಿತದ ಮೇಲೇ ದ್ವೇಷವೂ ಇಲ್ಲ. ಆ ವರ್ಷ ಮಹಾಲಯ ಅಮಾವಾಸ್ಯೆ ಬಂದದ್ದು ಅಕ್ಟೋಬರ್ 2ಕ್ಕೆ. ಗಾಂಧಿ ಜಯಂತಿ, ಬಾರ್ ಬಂದ್. ಹಾಗಾಗಿ ಹಿಂದಿನ ದಿನವೇ ಒಂದು ಕ್ವಾರ್ಟರ್ ತರಿಸಿಟ್ಟಿದ್ದಳು. ಎಡೆಯಲ್ಲಿ ಮುದ್ದೆ, ಬಾಡು, ವಡೆ, ಬೀಡಿ ಕಟ್ಟಿನ ಜೊತೆ ಅದನ್ನೂ ಇಟ್ಟು ಕೈಮುಗಿದಳು. "ಈಗ ಕುಡಿದ್ರೆ ಯಾರಿಗೇನು ತೊಂದ್ರೆ?" ಅಂದಳು. ನೀತಿಶಾಸ್ತ್ರದ ಪುಸ್ತಕ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರದು.

1938ರಲ್ಲಿ ಸರ್ಕಾರದ ನಿಷೇಧಾಜ್ಞೆ ಮೀರಿ ಧ್ವಜ ಹಾರಿಸಿದ ಊರು ನಮ್ಮದು. ಸತ್ಯಾಗ್ರಹ ಸೌಧ ಹೆದ್ದಾರಿಯಲ್ಲಿ ಹೋಗುವವರಿಗೆಲ್ಲ ಗೊತ್ತು. ಮರುವರ್ಷ ಚಿತ್ರದುರ್ಗದ ತುರುವನೂರಿನಲ್ಲಿ ಅದೇ ಚಳವಳಿಯ ಜನ ಹೆಂಡದ ಈಚಲು ಮರಗಳನ್ನೇ ಕಡಿದರು. ಮರ ಕಡಿದರೆ ಕುಡಿತ ನಿಲ್ಲುತ್ತೆ ಅನ್ನೋದನ್ನು ನಾನು ನಂಬಲ್ಲ. ಆದರೆ ಅವರು ಒಂದು ವಿಷಯ ಸರಿಯಾಗಿ ಹಿಡಿದಿದ್ದರು: ಇದು ಒಬ್ಬ ಹೆಂಗಸು ಮನೆಯೊಳಗೆ ಮುಚ್ಚಿಟ್ಟು ನುಂಗಬೇಕಾದ ಕಷ್ಟ ಅಲ್ಲ, ಊರಿನ ವಿಷಯ.

ಹಾಗಾಗಿ ಕುಡಿಯೋದು ತಪ್ಪೋ ಸರಿಯೋ ಅಂತ ಪ್ರವಾಸದ ಫೋಟೋ ಕೆಳಗೆ ಜಗಳ ಆಡೋದನ್ನು ನಾನಂತೂ ಬಿಟ್ಟಿದ್ದೀನಿ. ಮುಂದಿನ ಸಲ ಗ್ಲಾಸ್ ಎತ್ತುವಾಗ, ಅದು ಮ್ಯೂನಿಕ್ ಆಗಲಿ ಮಳವಳ್ಳಿ ಆಗಲಿ, ಕೇಳಿಕೊಳ್ಳೋದು ಇಷ್ಟೇ: ಈ ಖುಷಿಯ ಬಿಲ್ಲು ಪೂರ್ತಿ ನಾನೇ ಕಟ್ಟುತ್ತಿದ್ದೀನಾ? ಇಲ್ಲಾ, ಮನೆಯಲ್ಲಿ ಯಾರೋ ಬಾಗಿಲು ತೆಗೆಯೋಕೆ ನಿದ್ದೆಗೆಟ್ಟು ಕಾಯ್ತಾ ಇದ್ದಾರಾ?