ಬಿತ್ತನೆಗಿಟ್ಟ ಅವರೆ

ಬ್ಯಾಂಕಿನ ಗುಮಾಸ್ತನಾದ ನನಗೆ ಅಸಲು, ಬಡ್ಡಿಗಳ ಲೆಕ್ಕ ಚೆನ್ನಾಗಿ ಗೊತ್ತು. ಆದರೆ ಅಸಲನ್ನು ಮುಟ್ಟಬಾರದೆಂಬ ಪಾಠ ಕಲಿತದ್ದು ಅಡಿಗೆಮನೆಯಲ್ಲಿ, ಅದೂ ನನ್ನದೇ ತಪ್ಪಿನಿಂದ.

ಹೊಸೂರಿನ ಪಕ್ಕದ ನಮ್ಮ ಅವಲಪಲ್ಲಿ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಾರ್ಗಶಿರ, ಪುಷ್ಯಗಳ ಚಳಿಯೆಂದರೆ ಇಲ್ಲಿ ಅವರೆಯ ಕಾಲ. ನಾಟಿ ಅವರೆಯನ್ನು ಆಷಾಢದ ಮಳೆಗೆ ರಾಗಿಯ ನಡುವೆ ಅಕ್ಕಡಿಸಾಲಾಗಿ ಬಿತ್ತುತ್ತಾರೆ. ಬಳ್ಳಿ ಎಷ್ಟೇ ಹಬ್ಬಲಿ, ಹಗಲು ಕಿರಿದಾಗುವವರೆಗೆ ಹೂಬಿಡದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, 4 ತಳಿಗಳಿಗೆ ಈ ಕಟ್ಟುಪಾಡಿಲ್ಲ. ಅವುಗಳಿಂದ ರೈತನಿಗೆ ಅನುಕೂಲವೇ. ಸೊಗಡು ಮಾತ್ರ ಇಬ್ಬನಿಯಲ್ಲಿ ನೆನೆದ ನಾಟಿ ಕಾಯಿಗೇ ಎಂಬುದು ನಮ್ಮ ಹಿರಿಯರ ಹಠ.

ಹಿತ್ತಿಲಿನ ಒಳ್ಳೆಯ ಕಾಯಿಗಳನ್ನು ಅಮ್ಮ ಕೀಳಗೊಡುತ್ತಿರಲಿಲ್ಲ. ಅವು ಗಿಡದಲ್ಲೇ ಒಣಗಬೇಕು. ಆಮೇಲೆ ಬಿಡಿಸಿ, ಬಿಸಿಲಿಗೆ ಹಾಕಿ, ಬೂದಿ ಬೆರೆಸಿ ಡಬ್ಬಿಗೆ. "ನಮಗೆ ಸೊಟ್ಟವು, ಮಣ್ಣಿಗೆ ಗಟ್ಟಿಯವು" ಎನ್ನುತ್ತಿದ್ದಳು. ಮಕ್ಕಳ ಬಾಯಿ ಕಟ್ಟಿ ಮಣ್ಣಿಗೆ ಉಳಿಸುವುದು ಯಾವ ನ್ಯಾಯವೆಂದು ನನಗೆ ಸಿಟ್ಟು ಬರುತ್ತಿತ್ತು.

ಅಮ್ಮ ತೀರಿಕೊಂಡ ವರ್ಷ ನೆಂಟರು ಬಂದಾಗ ಆ ಡಬ್ಬಿಯ ಕಾಳನ್ನೇ ತೊಳೆದು ನೆನೆಹಾಕಿಸಿ ಸಾರು ಮಾಡಿಸಿದೆ. ಎಲ್ಲರೂ ಮೆಚ್ಚಿ ಉಂಡರು. ಆಷಾಢಕ್ಕೆ ಡಬ್ಬಿಯಲ್ಲಿ ಉಳಿದದ್ದು ಬೂದಿ.

ಹಿಂದಿನ ಬೀದಿಯ ತೆಲುಗು ಮನೆಯ ಅಕ್ಕ ಸಂಗತಿ ತಿಳಿದು ಒಂದು ಬೊಗಸೆ ಬೀಜ ತಂದುಕೊಟ್ಟರು. "ಮೀ ಅಮ್ಮ ಇಚ್ಚಿನವೇ ಕದಪ್ಪಾ" ಎಂದರು. ಅವರಿಗೆ ಅದು ಅನಪ, ತಮಿಳು ನೆರೆಯವರಿಗೆ ಮೊಚ್ಚೆ, ಈ ಸಂಚಿಕೆಯ ಮಲಯಾಳಿ ಓದುಗರಿಗೆ ಅಮರ. ಅವರೆ ಬಹುಮಟ್ಟಿಗೆ ಸ್ವಂತ ಪರಾಗದಿಂದಲೇ ಕಾಯಿಕಟ್ಟುವುದರಿಂದ ತಳಿ ಕೆಟ್ಟಿರಲಿಲ್ಲ.

ಹಾಗಾದರೆ ಆ ಬೀಜ ಯಾರದು? ಅದನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ಕೊಟ್ಟಿದೆ. ಹಕ್ಕು ಕಾಯ್ದೆಯಲ್ಲಿದೆ, ಹೊಣೆ ನನಗೆ ತಿಳಿದದ್ದು ಆ ಬೊಗಸೆಯಿಂದ. ಅಮ್ಮ ಕೂಡಿಟ್ಟದ್ದನ್ನು ಅವಳ ಮಗನೇ ತಿಂದ. ಅವಳು ಕೊಟ್ಟದ್ದನ್ನು ಬೇರೆ ಮಾತಿನ ಮನೆ ಕಾಯ್ದಿತು.

1956ರಲ್ಲಿ ಭಾಷಾವಾರು ವಿಂಗಡಣೆಯಾದಾಗ ಹೊಸೂರು ಮದರಾಸಿನಲ್ಲೇ ಉಳಿಯಿತು. ಅಂದಿನಿಂದ ಕನ್ನಡವನ್ನು ಡಬ್ಬಿಯಲ್ಲಿಟ್ಟು ಕಾಯುವ ಚಿಂತೆ ನಮ್ಮದು. ಆದರೆ ಬಿತ್ತದೆ ಇಟ್ಟ ಬೀಜ ವರ್ಷದಿಂದ ವರ್ಷಕ್ಕೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಮಕ್ಕಳೊಡನೆ ಆಡದ, ನೆರೆಯವರಿಗೆ ನಾಲ್ಕು ಮಾತು ಕಲಿಸದ ನುಡಿಯೂ ಹಾಗೆಯೇ ಅಲ್ಲವೆ?

ಈ ಸಲ ಗಟ್ಟಿ ಕಾಯಿಗಳನ್ನು ಗಿಡದಲ್ಲೇ ಬಿಟ್ಟಿದ್ದೇನೆ. ಮಗಳಿಗೆ ನನ್ನ ಮೇಲೆ ಸಿಟ್ಟು. ಬಂದ ಬೀಜದಲ್ಲಿ ಅರ್ಧ ಡಬ್ಬಿಗೆ, ಅರ್ಧ ಬೀದಿಗೆ.