ಒಂದೇ ಖೋಲಿಯಲ್ಲಿ ದೇವರೂ ಹಾಸಿಗೆಯೂ

ಸೊಲ್ಲಾಪುರದಿಂದ ಅಕ್ಕಲಕೋಟ ರಸ್ತೆ ಹಿಡಿದು ಹೊರಟರೆ ಕುಂಭಾರಿ ಸಿಗುತ್ತದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ 10,000 ಮನೆಗಳ ಗೋದೂತಾಯಿ ಪರುಳೇಕರ್ ವಸಾಹತು ಎದ್ದದ್ದು ಇಲ್ಲಿಯೇ. ಇದೇ ಸೀಮೆಯ ರಾಯನಗರದಲ್ಲಿ 2024ರ ಜನವರಿ 19ರಂದು ಇನ್ನೂ 15,000 ಮನೆಗಳು ಮಗ್ಗದವರು, ಬೀಡಿ ಕಾರ್ಮಿಕರು, ಚಿಂದಿ ಆಯುವವರು, ಡ್ರೈವರುಗಳ ಕೈಸೇರಿದವು. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದ ಮನೆಗೆ ಆಗ ನಿಗದಿಯಾಗಿದ್ದ ಒಳ ಅಳತೆ ಹೆಚ್ಚೆಂದರೆ 30 ಚದರ ಮೀಟರ್, ಅಂದರೆ ಸುಮಾರು 320 ಚದರಡಿ. ಅಡುಗೆ, ಬಚ್ಚಲು ಕಳೆದರೆ ಉಳಿಯುವುದು ಒಂದು ಖೋಲಿ, ಬಹಳವೆಂದರೆ ಒಂದೂವರೆ.

ಆ ಖೋಲಿಯಲ್ಲಿ ಮಂಚ ಎಲ್ಲಿ, ದೇವರ ಜಗುಲಿ ಎಲ್ಲಿ?

ಇದು ಬಡಗಿಯನ್ನು ಕೇಳಿ ಮುಗಿಸುವ ಪ್ರಶ್ನೆಯಲ್ಲ. ಈ ಭಾಗದ ಕನ್ನಡದ ಮನೆಗಳಲ್ಲಿ ಹಿರಿಯರ ಎರಡು ಮಾತು ಗಟ್ಟಿ: "ಉತ್ತರಕ್ಕ ತಲಿ ಮಾಡಬ್ಯಾಡ. ದೇವರ ಕಡಿ ಕಾಲ ಚಾಚಬ್ಯಾಡ." ಮೊದಲನೆಯದಕ್ಕೆ ಶಾಸ್ತ್ರದ ಬೆಂಬಲವಿದೆ, ತಲೆ ಪೂರ್ವಕ್ಕೋ ದಕ್ಷಿಣಕ್ಕೋ ಇರಲಿ ಎನ್ನುತ್ತದೆ ವಿಷ್ಣುಪುರಾಣ. ಗಣಪತಿಗೆ ಆನೆಯ ತಲೆ ಬಂದದ್ದೇ ಅದು ಉತ್ತರಕ್ಕೆ ತಲೆಯಿಟ್ಟು ಮಲಗಿದ್ದರಿಂದ ಎಂಬ ಕಥೆ ಮಕ್ಕಳಿಗೂ ಗೊತ್ತು. ಈಚೆಗೆ ಕೆಲವರು ಇದಕ್ಕೆ ಭೂಮಿಯ ಕಾಂತಶಕ್ತಿಯನ್ನು ಸಾಕ್ಷಿಗೆ ಕರೆಯುತ್ತಾರೆ. ಅದು ಬೇಡ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ಟಿನ ಮುಂದೆ ಭೂಮಿಯ ಕಾಂತಕ್ಷೇತ್ರ ತೀರ ದುರ್ಬಲ. ನಂಬಿಕೆಗೆ ನಂಬಿಕೆಯ ಮರ್ಯಾದೆಯೇ ಸಾಕು.

ತೊಡಕಿರುವುದು ಬೇರೆ ಕಡೆ. ಪಡಸಾಲೆ, ದೇವರ ಮನೆ, ಮಲಗುವ ಖೋಲಿ ಎಂದು ಗೋಡೆಗಳಿದ್ದ ಮನೆಯಲ್ಲಿ ಈ ನಿಯಮ ಪಾಲಿಸುವುದು ಸುಲಭ. ನಾಲ್ವರು ಸಾಲಾಗಿ ಮಲಗುವ ಖೋಲಿಯಲ್ಲಿ ಯಾರದೋ ಕಾಲು ಯಾವುದೋ ಫೋಟೋದತ್ತ ಇದ್ದೇ ಇರುತ್ತದೆ. ಅದೂ ಇಲ್ಲಿಯ ಜಗುಲಿಯಲ್ಲಿ ಸಿದ್ಧರಾಮೇಶ್ವರ, ತುಳಜಾಭವಾನಿ, ಅಕ್ಕಲಕೋಟದ ಸ್ವಾಮಿ ಸಮರ್ಥ, ಪಂಢರಪುರದ ವಿಠಲ ಎಲ್ಲರೂ ಕೂಡಿಯೇ ಇರುತ್ತಾರೆ. ಹಾಗಾದರೆ ಬಡವರ ನಿದ್ದೆಯೆಲ್ಲ ಅಪಚಾರವೇ?

ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ. ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ ಎಂದು ಸೊಲ್ಲಾಪುರ ಇಂದಿಗೂ ನೆನೆಯುತ್ತದೆ. ದೇವರಿಗೆ ದಿಕ್ಕು, ನೆಲೆ ಗೊತ್ತುಮಾಡಿದ ಆ ಕರ್ಮಯೋಗಿಯ ಬಳಿಗೇ ಅಲ್ಲಮಪ್ರಭು ಬಂದು, ಕಲ್ಲಿನ ಕೆಲಸ ಸಾಕೇ ಎಂದು ಕೆಣಕಿದ್ದನ್ನು ಶೂನ್ಯಸಂಪಾದನೆ ಹೇಳುತ್ತದೆ. ಸಿದ್ಧರಾಮ ಕಲ್ಯಾಣಕ್ಕೆ ಹೋದ, ಚೆನ್ನಬಸವಣ್ಣನಿಂದ ಇಷ್ಟಲಿಂಗ ಪಡೆದ. ಎದೆಯ ಮೇಲೆ ಲಿಂಗ ಧರಿಸಿದವನು ಎತ್ತ ಹೊರಳಿದರೂ ಅವನ ಕಾಲು ಆ ಲಿಂಗದತ್ತ ಹೋಗದು. ದೇವರೇ ಅವನೊಡನೆ ಮಲಗಿ ಅವನೊಡನೆ ಏಳುತ್ತಾನೆ. ಆದರೂ ಸಿದ್ಧರಾಮನ ಕೆರೆ ಬತ್ತಲಿಲ್ಲ, ಗುಡಿ ಬರಿದಾಗಲಿಲ್ಲ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳು ಇವತ್ತಿಗೂ ಆ ಲಿಂಗಗಳ ಹಾದಿ ತುಳಿಯುತ್ತವೆ. ಜನ ಎರಡನ್ನೂ ಉಳಿಸಿಕೊಂಡರು. ಹಾಗೆ ಉಳಿಸಿಕೊಂಡಿದ್ದರಲ್ಲಿ ದೊಡ್ಡ ವಿವೇಕವಿದೆ.

ಅದೇ ಜಿಲ್ಲೆಯ ಪಂಢರಪುರದಲ್ಲಿ ಇನ್ನೂ ಸ್ಪಷ್ಟವಾದ ಉದಾಹರಣೆಯುಂಟು. ವಿಠಲನಿಗೆ ದಿನವೂ ಮಲಗಿಸುವ ಆರತಿ, ಶೇಜಾರತಿಯಾಗುತ್ತದೆ, ಮಲಗಲು ಪಲ್ಲಂಗವಿದೆ. ಆಷಾಢಿ, ಕಾರ್ತಿಕಿ ವಾರಿ ಯಾತ್ರೆಗಳು ಹತ್ತಿರ ಬಂದಾಗ ಆ ಪಲ್ಲಂಗವನ್ನೇ ತೆಗೆದುಬಿಡುತ್ತಾರೆ. ನಿಂತೇ ಇರುವ ದೇವರಿಗೆ ದಣಿವಾಗದಿರಲೆಂದು ಬೆನ್ನಿಗೆ ಲೋಡು, ರುಕ್ಮಿಣಿಗೆ ತಕ್ಕೆ ಇಡುತ್ತಾರೆ. ಹಗಲೂ ರಾತ್ರಿ ದರ್ಶನ ನಡೆಯುತ್ತದೆ. ಜನಸಾಗರ ಕರಗಿದ ಮೇಲೆ ಪ್ರಕ್ಷಾಳ ಪೂಜೆಯಾಗಿ ದೇವರಿಗೆ ನಿದ್ದೆ ಮರಳುತ್ತದೆ. ಆಷಾಢಿ ವಾರಿಯ ಏಕಾದಶಿಯೇ ಪಂಚಾಂಗದಲ್ಲಿ ಶಯನೀ ಏಕಾದಶಿ, ವಿಷ್ಣು ನಾಲ್ಕು ತಿಂಗಳ ನಿದ್ದೆಗೆ ಜಾರುವ ದಿನ. ಜಗತ್ತಿನ ಲೆಕ್ಕದಲ್ಲಿ ಮಲಗಬೇಕಾದ ದೇವರು ಭೀಮೆಯ ದಂಡೆಯಲ್ಲಿ ಬಂದವರಿಗಾಗಿ ಎದ್ದೇ ನಿಂತಿರುತ್ತಾನೆ. ಮಲಗುವ ಜಾಗ ಪವಿತ್ರವೇ. ಮನುಷ್ಯರು ಬಂದಾಗ ಅದನ್ನು ತೆರವು ಮಾಡುವುದು ಅದಕ್ಕಿಂತ ಪವಿತ್ರ ಎಂಬುದನ್ನು ದೇವರೇ ನಡೆದು ತೋರಿಸಿದಂತಿದೆ.

ಅಕ್ಕಲಕೋಟದಲ್ಲೂ ವಟವೃಕ್ಷ ಮಂದಿರದ ದಿನ ಶೇಜಾರತಿಯೊಂದಿಗೇ ಮುಗಿಯುತ್ತದೆ. ಸ್ವಾಮಿ ಸಮರ್ಥರು ಇಲ್ಲಿ ಎರಡು ದಶಕಕ್ಕೂ ಮಿಕ್ಕಿ ಇದ್ದು 1878ರಲ್ಲಿ ಸಮಾಧಿಯಾದರು. ಸ್ವಂತದ್ದೆನ್ನುವ ಮನೆ ಮಾಡಿಕೊಳ್ಳಲಿಲ್ಲ. ಆಲದ ಮರದ ನೆರಳು, ಭಕ್ತ ಚೋಳಪ್ಪನ ಮನೆ ಇಷ್ಟರಲ್ಲೇ ಬದುಕು ಸಾಗಿತು.

ಈ ಕಣ್ಣಿನಿಂದ ಖೋಲಿಯನ್ನು ನೋಡಿದರೆ ಗೋಡೆ ಮಾಡುತ್ತಿದ್ದ ಕೆಲಸವನ್ನು ಹೊತ್ತು ಮಾಡಬಲ್ಲದು. ಬೆಳಿಗ್ಗೆ ದೀಪ ಹಚ್ಚಿದಾಗ ಅದು ದೇವರ ಮನೆ. ಮಧ್ಯಾಹ್ನ ಮೊರದಲ್ಲಿ ತೆಂಡು ಎಲೆ, ಪಕ್ಕದಲ್ಲಿ ಕತ್ತರಿ, ದಾರ ಇಟ್ಟುಕೊಂಡು ಬೀಡಿ ಕಟ್ಟಲು ಕೂತಾಗ ಅದೇ ಕಾಯಕದ ಜಾಗ. ರಾತ್ರಿ ಜಗುಲಿಗೆ ಸಣ್ಣ ಪರದೆ ಎಳೆದು ದೇವರನ್ನು ಮೊದಲು ಮಲಗಿಸಿ, ಆಮೇಲೆ ಗಾದಿ ಬಿಚ್ಚಿದರೆ ಮಲಗುವ ಮನೆ. ಪರದೆಯಾಚೆ ವಿಶ್ರಮಿಸುವ ದೇವರಿಗೆ ಈಚೆ ಮಲಗಿದವರ ಕಾಲಿನಿಂದ ಅವಮಾನವಾಗದು.

ಇದನ್ನು ಒಪ್ಪಿದರೆ ಮಂಚದ ಆಯ್ಕೆಯೂ ಸಲೀಸು. ಹತ್ತಡಿಗೆ ಹತ್ತಡಿಯ ಖೋಲಿಯಲ್ಲಿ ಆರೂಕಾಲು ಅಡಿ ಉದ್ದ, ಐದಡಿ ಅಗಲದ ಡಬಲ್ ಮಂಚ ಹಾಕಿದರೆ ನೆಲದ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ದಿನವಿಡೀ ಅದರದೇ. ಮದುವೆಯಲ್ಲಿ ಇಂಥದ್ದನ್ನು ಕೊಡುವ ರೂಢಿ ಬಿಡುವುದು ಒಳ್ಳೆಯದು. ಆರಡಿ, ಮೂರಡಿಯ ದಿವಾನ ಗೋಡೆಗೆ ಹೊಂದಿಸಿದರೆ ಹದಿನೆಂಟು ಚದರಡಿ ಸಾಕು. ಒಳಗೆ ಹೆಚ್ಚಿನ ಹಾಸಿಗೆ ಇಡಬಹುದು, ಹಗಲು ಬಂದವರು ಕೂರಬಹುದು. ಉಳಿದವರಿಗೆ ಮಡಚುವ ಕಬ್ಬಿಣದ ಕಾಟು, ಇಲ್ಲವೇ ಸುತ್ತಿಡುವ ಗಾದಿ, ಕೌದಿ, ಊರಿನದೇ ಚಾದರ. ಜಗುಲಿಯನ್ನು ಪೂರ್ವದ ಗೋಡೆಯಲ್ಲಿ ನಿಂತವರ ಎದೆಮಟ್ಟಕ್ಕೆ ಕೂರಿಸಿದರೆ ತಲೆ ದೇವರತ್ತ, ಕಾಲು ಪಡುವಣಕ್ಕೆ ಬಂದು ಹಿರಿಯರ ಎರಡೂ ಮಾತು ಉಳಿಯುತ್ತವೆ. ಬಾಗಿಲು ಪೂರ್ವಕ್ಕೇ ಇದ್ದರೆ ಪರದೆಯಂತೂ ಇದ್ದೇ ಇದೆ.

ಮಂಡಿನೋವಿನ ಅಜ್ಜಿಯಿದ್ದ ಮನೆಯ ಲೆಕ್ಕ ಬೇರೆ. ಎತ್ತಿಡುವ ಹಾಸಿಗೆ ಎಷ್ಟೇ ಚೆಂದದ ವಿಚಾರವಾದರೂ ಅದನ್ನು ಅವಳ ಮೇಲೆ ಹೇರಬಾರದು. ಕೂತಾಗ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಎತ್ತರದ ಮಂಚ ಅವಳಿಗೆ ಕಾಯಂ ಬೇಕು. ಅದನ್ನು ಇಡುವಾಗ ಮೊದಲು ನೋಡಬೇಕಾದ್ದು ನಡುರಾತ್ರಿ ಎದ್ದರೆ ಬಚ್ಚಲಿನ ತನಕ ಹಿಡಿದುಕೊಂಡು ಹೋಗಲು ಗೋಡೆ ಸಿಗುತ್ತದೆಯೇ ಎಂಬುದನ್ನು. ದಿಕ್ಕನ್ನು ಆಮೇಲೆ ನೋಡಿದರಾಯಿತು.