ಹೆಸರು ತಿಳಿಯದ ಹಿರಿಯರಿಗೂ ಒಂದು ಎಡೆ

ಚಾಮರಾಜನಗರಕ್ಕೆ ಆ ಹೆಸರು ಬಂದು ಇನ್ನೂರು ವರ್ಷದ ಮೇಲೆ ಸ್ವಲ್ಪವಷ್ಟೇ ಆಗಿದೆ. ಅದಕ್ಕೂ ಮೊದಲು ಅದು ಅರಿಕುಠಾರ. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ್ದು ಈ ಊರಲ್ಲಿ ಎಂದು ತಿಳಿಯಿತು. ಊರಿನ ಹೆಸರನ್ನೇ ಬದಲಿಸಿದರು. 1826ರಲ್ಲಿ ದೊಡ್ಡ ದೇವಸ್ಥಾನ ಎದ್ದಿತು. ಲಿಂಗಕ್ಕೆ ತಂದೆಯ ಹೆಸರು, ಚಾಮರಾಜೇಶ್ವರ. ಅಮ್ಮನವರಿಗೆ ತಾಯಿಯ ಹೆಸರು, ಕೆಂಪನಂಜಾಂಬ. ತಂದೆ ಹುಟ್ಟಿದ ಜಾಗದ ಗುರುತಿಗೆ ಜನನ ಮಂಟಪ.

ದೊರೆಗೇ ಅಪ್ಪ ಹುಟ್ಟಿದ ಊರು ಗೊತ್ತಿರಲಿಲ್ಲವೇ? ಲೆಕ್ಕ ಹಾಕಿದರೆ ಅಚ್ಚರಿಯೇನಿಲ್ಲ. ಹೈದರಾಲಿ 1776ರಲ್ಲಿ ಅರಸು ಮನೆತನದ ಒಂದು ಮಗುವನ್ನು ಆರಿಸಿ ಮೈಸೂರಿನ ಸಿಂಹಾಸನದ ಮೇಲೆ ಕೂರಿಸಿದ. ಆ ಮಗುವೇ ಚಾಮರಾಜ. ಆತ 1796ರಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜನಿಗೆ ಇನ್ನೂ ಎರಡು ತುಂಬಿರಲಿಲ್ಲ. ದತ್ತು ಹೋದ ಅಪ್ಪ, ನೆನಪು ಮೂಡುವ ಮೊದಲೇ ಸತ್ತ ಅಪ್ಪ. ವಂಶವೃಕ್ಷ ಹುಡುಕುವವರು ಇವತ್ತಿಗೂ ಮುಗ್ಗರಿಸುವುದು ಈ ಎರಡು ಕಡೆಯಲ್ಲೇ.

ಪಕ್ಕದ ಗುಂಡ್ಲುಪೇಟೆಯದೂ ಇದೇ ಬಗೆಯ ಕಥೆ, ನೂರೈವತ್ತು ವರ್ಷ ಹಿಂದಿನದು. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುಂಚೆ ತಂದೆಯೊಂದಿಗೆ ಹತ್ತಿರದ ಹಂಗಳದಲ್ಲಿ ಬಂಧನದಲ್ಲಿದ್ದರು. ತಂದೆ ಈ ಸೀಮೆಯಲ್ಲೇ ತೀರಿಕೊಂಡರು. 1673ರಲ್ಲಿ ದೊರೆಯಾದ ಮಗ ತಂದೆಗೆ ಸದ್ಗತಿಯಾಗಲಿ ಎಂದು ಗುಂಡ್ಲುಪೇಟೆಯಲ್ಲಿ ಪರವಾಸುದೇವನ ಗುಡಿ ಕಟ್ಟಿಸಿದರು. ಆದರೆ ಆ ತಂದೆಯ ಹೆಸರು ದೊಡ್ಡದೇವರಾಜ. ಚಿಕ್ಕದೇವರಾಜರಿಗಿಂತ ಮೊದಲು ಆಳಿದ ಚಿಕ್ಕಪ್ಪನನ್ನೂ ಎಷ್ಟೋ ಕಡೆ ದೊಡ್ಡದೇವರಾಜ ಎಂದೇ ಬರೆದಿದ್ದಾರೆ. ಶಾಸನ, ತಾಮ್ರಪಟ, ಆಸ್ಥಾನ ಕವಿಗಳು ಎಲ್ಲ ಇದ್ದ ಮನೆತನದಲ್ಲೇ ಓದುಗ ಅಣ್ಣತಮ್ಮಂದಿರನ್ನು ಅದಲುಬದಲು ಮಾಡಿಕೊಳ್ಳುವಷ್ಟು ಗೋಜಲು. ಹೊಲಗೇಯ್ಮೆ ಮಾಡಿ ಸತ್ತ ಮಾದಯ್ಯನ ಗತಿ ಏನು?

ಈ ಸೀಮೆಯಲ್ಲಿ ಮಾದಯ್ಯ ಒಬ್ಬನಲ್ಲ. ಮಲೆ ಮಾದೇಶ್ವರನ ಒಕ್ಕಲೆಲ್ಲ ಮಾದ, ಮಾದಪ್ಪ, ಮಾದೇವ, ಮಾದಮ್ಮ, ಮಹದೇವಸ್ವಾಮಿ. ಸಿದ್ದಪ್ಪಾಜಿಯ ಒಕ್ಕಲು ಸಿದ್ದಯ್ಯ, ಸಿದ್ದರಾಜು, ಸಿದ್ದಮ್ಮ. ನಂಜನಗೂಡಿನ ಕಡೆಗೆ ನಡೆದುಕೊಳ್ಳುವವರು ನಂಜಯ್ಯ, ನಂಜಮ್ಮ. ಅಜ್ಜನ ಹೆಸರು ಮೊಮ್ಮಗನಿಗೆ, ಅವನ ಹೆಸರು ಮತ್ತೆ ಅವನ ಮೊಮ್ಮಗನಿಗೆ. ಹಳೆಯ ಪಹಣಿಯಲ್ಲಿ ‘ಸಿದ್ದಯ್ಯ ಬಿನ್ ಮಾದಯ್ಯ’ ಎಂದು ಕಂಡರೆ ಅದು ಮುತ್ತಾತನೋ, ಮುತ್ತಾತನ ತಾತನೋ, ಪಕ್ಕದ ಕೇರಿಯವನೋ ಎಂದು ಹೇಳುವುದು ಕಷ್ಟ. ಹೆಸರು ಮನುಷ್ಯನನ್ನು ಬೇರೆಯಾಗಿ ತೋರಿಸುವುದಕ್ಕಿಂತ ಅವನ ದೇವರು ಯಾರೆಂದು ತೋರಿಸುತ್ತಿತ್ತು.

ಕಾಲದ ಲೆಕ್ಕವೂ ಹೀಗೇ. ‘ಧಾತು ಈಶ್ವರದ ಬರದಲ್ಲಿ ಬಂದು ಇಲ್ಲಿ ನೆಲೆ ನಿಂತರು’ ಎಂದು ಹಿರಿಯರು ಹೇಳುವುದುಂಟು. ಅದು 1876ರಿಂದ 78ರವರೆಗಿನ ಮಹಾಕ್ಷಾಮ. ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಪಾಲು ಜನ ಅದರಲ್ಲಿ ಅಳಿದರು. ಎಷ್ಟೋ ಮನೆಗಳ ನೆನಪು ಅಲ್ಲಿಗೆ ಕಡಿದುಹೋಗುತ್ತದೆ. ಬರದ ಮಾತಿಲ್ಲದೆ ಬರೀ ‘ಧಾತು ಸಂವತ್ಸರ’ ಎಂದರೆ ಇನ್ನೊಂದು ತೊಡಕು: ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ. 1936ರಲ್ಲೂ ಧಾತು ಬಂದಿತ್ತು.

ಕಾಗದ ಹುಡುಕಿ ಹೊರಟವರಿಗೆ ಗಡಿಗಳೂ ಕಾಟ ಕೊಡುತ್ತವೆ. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಹಿಂದಿನದಕ್ಕೆಲ್ಲ ಮೈಸೂರಿನ ಕಡೆ ಮುಖ ಮಾಡಬೇಕು. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅತ್ತ ತಾಳವಾಡಿ ಇವತ್ತಿಗೂ ತಮಿಳುನಾಡಿನಲ್ಲಿದೆ. ಬೀಗತನ ಮಾತ್ರ ಗಡಿಗೆ ಬೆಲೆ ಕೊಟ್ಟದ್ದಿಲ್ಲ. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರೂ ತಾಳವಾಡಿಯ ಕಡೆಯೇ ಇದೆ.

ಇಷ್ಟೆಲ್ಲ ಪಾಡುಪಟ್ಟು ಹೆಸರು ಹುಡುಕಬೇಕೇಕೆ? ಧರ್ಮದ ಕಡೆಯಿಂದ ಉತ್ತರ ಸಿದ್ಧವಾಗಿದೆ: ಪಿತೃಋಣ. ಶ್ರಾದ್ಧದಲ್ಲಿ ತಂದೆ, ತಾತ, ಮುತ್ತಾತ ಮೂವರನ್ನು ವಸು, ರುದ್ರ, ಆದಿತ್ಯ ರೂಪದಲ್ಲಿ ಹೆಸರು ಹಿಡಿದು ಕರೆಯಬೇಕು. ಅಲ್ಲಿಂದಾಚೆ ಹೆಸರು ಬೇಡ. ಹಾಗಿದ್ದೂ ಆ ಮೂರು ಹೆಸರೇ ಗೊತ್ತಿಲ್ಲದವರು ಇರುತ್ತಾರೆಂದು ಶಾಸ್ತ್ರಕಾರರಿಗೆ ತಿಳಿದಿತ್ತು. ಗೋತ್ರ ತಿಳಿಯದಿದ್ದರೆ ಕಾಶ್ಯಪ ಎನ್ನು. ಹೆಸರು ತಿಳಿಯದಿದ್ದರೆ ಭೂಮಿಯಲ್ಲಿರುವ, ಅಂತರಿಕ್ಷದಲ್ಲಿರುವ, ದ್ಯುಲೋಕದಲ್ಲಿರುವ ಪಿತೃಗಳು ಎಂದು ಕರೆ. ಸತ್ತ ತಿಥಿ ಗೊತ್ತಿಲ್ಲದವರಿಗೆಲ್ಲ ಮಹಾಲಯ ಅಮಾವಾಸ್ಯೆ. ಮರೆವಿಗೂ ವಿಧಿಯಲ್ಲಿ ಒಂದು ಜಾಗ ಬಿಟ್ಟಿದ್ದಾರೆ.

ಹಳ್ಳಿಗಳ ಬಹುಪಾಲು ಮನೆಗಳಿಗೆ ಇಷ್ಟೂ ಬೇಕಿಲ್ಲ. ಪಿತೃಪಕ್ಷದಲ್ಲಿ ಹೊಸ ಬಟ್ಟೆ, ಸತ್ತವರಿಗೆ ಇಷ್ಟವಾಗಿದ್ದ ಊಟ, ಕೆಲವು ಕಡೆ ಬೀಡಿ, ಹೆಂಡವನ್ನೂ ಇಟ್ಟು ಎಡೆ ಹಾಕುತ್ತಾರೆ. ಎಡೆ ‘ಹಿರೀಕರಿಗೆ’. ಅದು ಬಹುವಚನ, ಪಟ್ಟಿ ಯಾರೂ ಕೇಳುವುದಿಲ್ಲ. ಕೇಳಿದರೆ, ಕಡಲಿಗೆ ಸೇರಿದ ನೀರಿನಲ್ಲಿ ಕಾವೇರಿಯದೆಷ್ಟು ಎಂದು ಕೇಳಿದ ಹಾಗಾಗುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಇನ್ನೂ ಬೇರೆ ದಾರಿ. ಅವರ ಪ್ರತಿ ಕುಲಕ್ಕೂ ಕಾಡಿನಲ್ಲಿ ಒಂದು ಎಲ್ಲೆ ಉಂಟು. ಅದರೊಳಗೆ ದೇವರು, ಮಾರಮ್ಮ, ವೀರರು, ಅಬ್ಬಿ ಮತ್ತು ಕಲ್ಲುಗುಡಿ. ಕಲ್ಲುಗುಡಿಯೆಂದರೆ ಸತ್ತ ಹಿರಿಯರ ಕಲ್ಲುಗಳಿರುವ ಜಾಗ. ಕಲ್ಲಿನ ಮೇಲೆ ಅಕ್ಷರವಿಲ್ಲ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ರಂಗನಾಥ ಮದುವೆಯಾದನೆಂದು ಅವರ ಕಥೆ; ಆದ್ದರಿಂದ ದೇವರು ಅವರಿಗೆ ರಂಗಭಾವ. ವಂಶವೃಕ್ಷದಲ್ಲಿ ದೇವರನ್ನೇ ಭಾವನಾಗಿ ಕೂರಿಸಿಕೊಂಡವರಿಗೆ ಮುತ್ತಾತನ ಹೆಸರಿನ ಚಿಂತೆ ಏಕೆ ಎನ್ನಿಸಬಹುದು.

ಚಿಂತೆ ಬೇಕಾಗಿ ಬಂತು. ವನ್ಯಜೀವಿ ಕಾಯ್ದೆಯ ನಂತರ ಅವರನ್ನು ಕಾಡಿನ ಒಳಗಿನ ಹಾಡಿಗಳಿಂದ ಹೊರಗೆ ತಂದರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಅಲ್ಲಿ ಬಾಳಿದ್ದಕ್ಕೆ ಪುರಾವೆ ಬೇಕಾಯಿತು. ಆ ಕಾಯ್ದೆಯ ನಿಯಮಗಳು ಸರ್ಕಾರಿ ಕಾಗದವನ್ನಷ್ಟೇ ಕೇಳುವುದಿಲ್ಲ: ಹಿರಿಯರ ಹೇಳಿಕೆ, ಸಮಾಧಿ ಸ್ಥಳ, ಪೂಜೆಯ ಜಾಗ, ವಂಶಾವಳಿ ಎಲ್ಲವೂ ಸಾಕ್ಷಿ. ಸೋಲಿಗರು ಸಂಶೋಧಕರ ಜೊತೆ ಕಾಡು ಸುತ್ತಿ ತಮ್ಮ ಎಲ್ಲೆಗಳನ್ನೂ ಪವಿತ್ರ ಸ್ಥಳಗಳನ್ನೂ ನಕ್ಷೆಗೆ ಇಳಿಸಿದರು. 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಅದೇ ವರ್ಷ ಹುಲಿ ಸಂರಕ್ಷಿತ ಪ್ರದೇಶವಾಗಿದ್ದ ಕಾಡಿನೊಳಗೇ ಸಿಕ್ಕಿತು. ಅಕ್ಷರವಿಲ್ಲದ ಕಲ್ಲಿಗೂ ಕಾನೂನು ಕಿವಿಗೊಟ್ಟಿತು.

ಹಾಗೆಂದು ಮರೆವು ಎಲ್ಲರ ಪಾಲಿಗೂ ಒಂದೇ ಅಳತೆಯಲ್ಲಿ ಬಂದಿಲ್ಲ. ದೊರೆಯ ಅಪ್ಪನಿಗೆ ಒಂದು ಊರೇ ಸಿಕ್ಕಿತು. ತುರುಗಾಳಗದಲ್ಲಿ ಸತ್ತವನಿಗೆ ವೀರಗಲ್ಲು ಸಿಕ್ಕಿತು. ಈ ತಾಲ್ಲೂಕುಗಳ ಕಲ್ಬರಹಗಳನ್ನು ಶಾಸನತಜ್ಞ ಬಿ.ಎಲ್. ರೈಸ್ ಸಂಗ್ರಹಿಸಿದ್ದರಿಂದ ಅವನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಇಂದೂ ಓದಬಹುದು. ಜಮೀನಿದ್ದವನಿಗೆ ಪಹಣಿ. ಜೀತಕ್ಕಿದ್ದವನಿಗೆ ಇದ್ಯಾವುದೂ ಇಲ್ಲ. ಹೆಣ್ಣುಮಕ್ಕಳಂತೂ ಮದುವೆಯ ದಿನವೇ ಒಂದು ಪಟ್ಟಿಯಿಂದ ಅಳಿಸಿಹೋಗಿ ಇನ್ನೊಂದರಲ್ಲಿ ‘ಕೋಂ’ ಆಗಿ ಉಳಿದರು. ಚಿಕ್ಕದೇವರಾಜರ ಕಾಲದಲ್ಲೇ ‘ಹದಿಬದೆಯ ಧರ್ಮ’ ಬರೆದ ಯಳಂದೂರಿನ ಹೊನ್ನಮ್ಮನನ್ನೂ ನಾವು ಗುರುತಿಸುವುದು ಅರಮನೆಯಲ್ಲಿ ಹಿಡಿಯುತ್ತಿದ್ದ ಎಲೆಯಡಿಕೆ ಸಂಚಿಯಿಂದ, ತಂದೆ ತಾಯಿಯಿಂದಲ್ಲ.

ಇಲ್ಲೇ ಶಾಸ್ತ್ರದ ಆ ರಿಯಾಯಿತಿಯನ್ನು ಸ್ವಲ್ಪ ಬಿಗಿಯಾಗಿ ಓದಬೇಕು. ಅದು ಹೆಸರು ತಿಳಿಯದವನಿಗೆ, ಕೇಳದೆ ಇದ್ದವನಿಗಲ್ಲ. ಮುಮ್ಮಡಿಯವರಿಗೆ ಅರಿಕುಠಾರದ ಹೆಸರು ತಾನಾಗಿ ನೆನಪಾಗಲಿಲ್ಲ, ಬಲ್ಲವರೊಬ್ಬರು ಇನ್ನೂ ಬದುಕಿದ್ದರಿಂದ ಅದು ಉಳಿದು ಅವರವರೆಗೆ ಬಂದಿರಬೇಕು. ಬಲ್ಲವರು ಪ್ರತಿ ಮನೆಯಲ್ಲೂ ಒಬ್ಬಿಬ್ಬರು ಇರುತ್ತಾರೆ, ಬಹಳ ಕಾಲ ಇರುವುದಿಲ್ಲ.

ಮುಂದಿನ ಮಹಾಲಯಕ್ಕೆ ಊರಿಗೆ ಹೋದವರು ಎಡೆ ಹಾಕುವ ಮುನ್ನ ಜಗಲಿಯ ಮೇಲಿರುವ ಅಜ್ಜಿಯ ಪಕ್ಕ ಕೂತು, ಅವರ ತವರೂರು ಯಾವುದು, ಅವರ ಅವ್ವನ ತವರೂರು ಯಾವುದು, ಅಲ್ಲಿ ಯಾರ ಒಕ್ಕಲು ಎಂದು ಕೇಳಿ ಬರೆದುಕೊಳ್ಳಲಿ. ತಾಲ್ಲೂಕು ಕಚೇರಿಯಲ್ಲಿ ಅದು ಸಿಗುವುದಿಲ್ಲ.